ಅಕ್ಕೋರು ಹರಿದುಕೊಂಡ ಬಿಲ್ಲೆಗಳು

ಕೊಬ್ಬರಿ ತುರಿಯುವ ಕೆಲಸವನ್ನು ನಾನು ಸಾಮಾನ್ಯವಾಗಿ ನಮ್ಮ ಯಜಮಾನರ ತಲೆಗೆ ಕಟ್ಟುತ್ತೇನೆ. ಮೊನ್ನೆ ಅವರು ಊರಲ್ಲಿರಲಿಲ್ಲ, ಚಟ್ನಿಪುಡಿ ಡಬ್ಬಿ ಬರಿದಾಗಿತ್ತು, ಶಿಕಾರಿಪುರದ ಸಂತೆಯಿಂದ ತಂದ ಕೊಬ್ಬರಿ ಬಟ್ಟಲನ್ನು ಕೈಗೆ ತೆಗೆದುಕೊಳ್ಳಲೇಬೇಕಾಯಿತು. ಆ ಜಿಡ್ಡಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬಟ್ಟಲನ್ನು ಕೆಳಗಿಟ್ಟೆ. ಬೇರೆಯವರಿಗೆ ಕೊಬ್ಬರಿ ಅಂದರೆ ಉಂಡೆ, ಹೋಳಿಗೆ ನೆನಪಾಗುತ್ತದೆ. ನನಗೆ ರಕ್ತ ನೆನಪಾಗುತ್ತದೆ, ಅದರ ಬೆನ್ನಿಗೇ ಅಕ್ಕೋರು.

ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ನಮ್ಮೂರಲ್ಲಿ ಅಕ್ಕೋರು ಅನ್ನುತ್ತಿದ್ದೆವು. ಊರು ಸೊರಬ ತಾಲ್ಲೂಕಿನಲ್ಲಿ, ಕುಪ್ಪಗಡ್ಡೆಯ ಕಡೆ. ಅಕ್ಕೋರ ಕಥೆ ಹೇಳಬೇಕಾದರೆ ಮೊದಲು ಹೋರಿಯ ಕಥೆ ಹೇಳಬೇಕು. ದೀಪಾವಳಿ ಕಳೆಯಿತೆಂದರೆ ನಮ್ಮ ಸೀಮೆಯಲ್ಲಿ ಊರೂರಿಗೂ ಹೋರಿ ಬೆದರಿಸುವ ಹಬ್ಬ. ಹೋರಿಯ ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಎರಡೂ ಕಡೆ ಜನ ಕಿಕ್ಕಿರಿದ ಅಖಾಡದಲ್ಲಿ ಓಡಿಸುತ್ತಾರೆ. ಗಂಡಸರು ಮೈಮೇಲೆ ಬಿದ್ದು ಆ ಸರ ಹರಿಯಬೇಕು. ಹರಿದದ್ದು ಹರಿದವನದು, ಅದರಲ್ಲಿ ತಕರಾರಿಲ್ಲ. ಒಂದು ಚೂರೂ ಬಿಟ್ಟುಕೊಡದೆ ದಾಟಿದ ಹೋರಿಗೆ ಬಹುಮಾನ. ನಡುವೆ ಯಾರದ್ದಾದರೂ ಪಕ್ಕೆಗೆ ಕೊಂಬು ಇಳಿದರೆ ಟೆಂಪೋದಲ್ಲಿ ಹಾಕಿ ಶಿಕಾರಿಪುರದ ಆಸ್ಪತ್ರೆಗೆ ಕಳಿಸಿ, ಮುಂದಿನ ಹೋರಿ ಬಿಡುತ್ತಿದ್ದರು.

ಅಪ್ಪನಿಗೆ ಆ ಹಬ್ಬದ ಹುಚ್ಚು ನೆತ್ತಿಗೇರಿತ್ತು. ಹರೆಯದಲ್ಲಿ ಕೊಬ್ಬರಿ ಹರಿಯಲು ಹೋಗಿ ಮುಂದಿನ ಹಲ್ಲು ಉದುರಿಸಿಕೊಂಡಿದ್ದ, ಆಮೇಲೆ ತಾನೇ ಹೋರಿ ಕಟ್ಟಿದ. ಅದಕ್ಕೆ ಹುರುಳಿ ಬೇಯಿಸಿ ತಿನ್ನಿಸಿ, ಮೈ ತಿಕ್ಕಿ, ಬೆಲ್ಲ ನೆಕ್ಕಿಸುತ್ತಿದ್ದ ಅದೇ ಕೈ ಅವ್ವನ ಬೆನ್ನ ಮೇಲೂ ನನ್ನ ಕೆನ್ನೆಯ ಮೇಲೂ ಬೀಳುತ್ತಿತ್ತು. ಸಾರು ಸಪ್ಪೆಯಾದರೆ ಒಂದು ಏಟು, ಎದುರು ಮಾತಾಡಿದರೆ ಇನ್ನೊಂದು. ಹೋರಿಗೆ ಮಾತ್ರ ಒಂದು ದಿನವೂ ಹೊಡೆದವನಲ್ಲ.

ಶಾಲೆಯೂ ಮನೆಗಿಂತ ಬೇರೆಯಾಗಿರಲಿಲ್ಲ. ಹೆಡ್ ಮೇಷ್ಟ್ರು ಹೊಡೆಯುವ ಕೋಲನ್ನು, ಲಕ್ಕಿ ಗಿಡದ ಬರಲನ್ನು, ಮೇಜಿನ ಮೇಲೆ ಸದಾ ಹಸಿಯಾಗಿ ಇಟ್ಟಿರುತ್ತಿದ್ದರು. ಹಸಿ ಬರಲು ಮುರಿಯುವುದಿಲ್ಲ, ಚರ್ಮಕ್ಕೆ ಸುತ್ತಿಕೊಳ್ಳುತ್ತದೆ. ನಾನು ಏಳನೇ ಕ್ಲಾಸಿಗೆ ಬಂದ ವರ್ಷ ಅಕ್ಕೋರು ಬಂದರು. ಮೈಸೂರಿನ ಕಡೆಯವರು, ಸಣ್ಣ ಆಳು, ದಪ್ಪ ಕನ್ನಡಕ. ಮೊದಲ ದಿನವೇ ನಮ್ಮ ಕ್ಲಾಸಿನ ಬರಲನ್ನು ಕಿಟಕಿಯಿಂದ ಆಚೆ ಎಸೆದರು. ಇವರಿಗೆ ಇನ್ನು ಮೂರು ತಿಂಗಳಲ್ಲಿ ಬುದ್ಧಿ ಬರುತ್ತದೆ ಅಂತ ಹೆಡ್ ಮೇಷ್ಟ್ರು ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ...

ಬರಲಿನ ಬದಲು ಅವರು ತಂದದ್ದು ಬಟ್ಟೆಯ ಬಿಲ್ಲೆ. ಅವರು ಬ್ಯಾಡ್ಜ್ ಅನ್ನುತ್ತಿದ್ದರು, ನಮ್ಮ ಬಾಯಲ್ಲಿ ಅದು ಬಿಲ್ಲೆಯಾಯಿತು. ರವಿಕೆ ಹೊಲಿದು ಉಳಿದ ತುಂಡುಗಳನ್ನು ದುಂಡಗೆ ಕತ್ತರಿಸಿ, ಅಂಚು ಹೊಲಿದು, ನಡುವೆ ದಾರದಲ್ಲಿ ಒಂದು ಗುರುತು ಹಾಕುತ್ತಿದ್ದರು. ತಡವರಿಸದೆ ಒಂದು ಪಾಠ ಓದಿದರೆ ಹಳದಿ, ಮಗ್ಗಿ ಒಪ್ಪಿಸಿದರೆ ನೀಲಿ, ಗಿಡ ನೆಟ್ಟು ಬದುಕಿಸಿದರೆ ಹಸಿರು. ಪಿನ್ನು ಹಾಕಿ ಅಂಗಿಯ ಎದೆಗೆ ತಾವೇ ಚುಚ್ಚುವರು. ನಮ್ಮೆಲ್ಲರ ಎದೆ ನೋಡಿದರೆ ಸಾಕು, ಯಾರಿಗೆ ಏನು ಬಂತು, ಯಾರು ಎಲ್ಲಿ ನಿಂತಿದ್ದಾರೆ ಅಂತ ಅವರಿಗೆ ಗೊತ್ತಾಗುತ್ತಿತ್ತು. ನಿನ್ನೆ ಬಾರದ್ದು ಇವತ್ತು ಬಂದಿದೆ ಅನ್ನುವುದಕ್ಕೆ ಮಾತ್ರ ಇದು, ಪಕ್ಕದವನನ್ನು ಸೋಲಿಸಿದ್ದಕ್ಕಲ್ಲ ಅಂತ ಹೇಳಿ ಹೇಳಿ ಸುಸ್ತಾಗುತ್ತಿದ್ದರು.

ಕೆಂಪು ಬಿಲ್ಲೆ ಬೇರೆ. ಅದು ನಾವೇ ಆರಿಸಿಕೊಂಡ ಗುರಿಗೆ. ಏನು ಗುರಿ ಅಂತ ಅವರ ಕಿವಿಯಲ್ಲಿ ಹೇಳಬೇಕು, ಮುಟ್ಟಿದ ದಿನ ಇಸಿದುಕೊಳ್ಳಬೇಕು. ಹೈಸ್ಕೂಲು ಓದಬೇಕು ಅಂತ ನಾನು ಹೇಳಿದೆ. ಅವರು ನಗಲಿಲ್ಲ. ನಮ್ಮೂರಲ್ಲಿ ಏಳನೇ ಕ್ಲಾಸಿಗೆ ಹೆಣ್ಣುಮಕ್ಕಳ ಓದು ಮುಗಿಯುತ್ತಿತ್ತು, ಅಪ್ಪ ಆಗಲೇ ನನ್ನ ಹೆಸರಲ್ಲಿ ಒಂದು ಕುಡುಗೋಲು ತಂದಿಟ್ಟಿದ್ದ.

ಪಾಪ, ಅಕ್ಕೋರಿಗೆ ಹೋರಿಯ ವಿಚಾರ ಏನೇನೂ ಗೊತ್ತಿರಲಿಲ್ಲ. ಮೈಮೇಲೆ ಕಟ್ಟಿದ್ದು ಹರಿಯುವುದಕ್ಕೇ ಇರುವುದು ಅಂತ ಹಾಲು ಕುಡಿಯುವಾಗಿನಿಂದ ನೋಡಿ ಕಲಿತ ಮಕ್ಕಳ ಎದೆಗೆ ಅವರು ಬಣ್ಣಬಣ್ಣದ ಬಿಲ್ಲೆ ಚುಚ್ಚಿದ್ದರು. ಅದೂ ದೀಪಾವಳಿಯ ಹೊಸ್ತಿಲಲ್ಲಿ!

ಯಾರು ಮೊದಲು ಹರಿದರೋ ನೆನಪಿಲ್ಲ. ವಾರ ಕಳೆಯುವುದರೊಳಗೆ ಶಾಲೆಯ ಗೇಟಿನಿಂದ ನೀರಿನ ಟ್ಯಾಂಕಿನ ತನಕ ಅಖಾಡ ತಯಾರಾಗಿತ್ತು. ಬಿಲ್ಲೆ ಇದ್ದವರು ಹೋರಿ, ಇಲ್ಲದವರು ಎರಡೂ ಕಡೆ ಸಾಲು. ಓಡಬೇಕು, ಬಿದ್ದವರ ಮೇಲೆ ಹತ್ತು ಕೈ. ಬರಿಗಾಲಿನ ಉಗುರು ಕಿತ್ತುಹೋದವು, ತುಟಿ ಒಡೆದವು, ಪಿನ್ನು ಬಿಚ್ಚಿಕೊಂಡು ಅಂಗೈ ಸೀಳಿತು. ಅಳುವುದು ಅವಮಾನ. ಅಂಗಿಯ ತುದಿಯಲ್ಲಿ ರಕ್ತ ಒರೆಸಿಕೊಂಡು ಗಣಿತದ ಪೀರಿಯಡ್ಡಿಗೆ ಕೂರುತ್ತಿದ್ದೆವು. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ...

ಒಂದು ಸೋಮವಾರ, ಅಕ್ಷರ ಕೂಡಿಸಲೂ ಬಾರದ ಒಬ್ಬ ಹುಡುಗ ಎದೆ ತುಂಬ ಹಳದಿ ಬಿಲ್ಲೆ ಹಾಕಿಕೊಂಡು ಬಂದ. ಅಕ್ಕೋರು ಪುಸ್ತಕ ಕೊಟ್ಟು ಓದು ಅಂದರು. ಅವನು ಪುಸ್ತಕ ಮುಚ್ಚಿ ವಾಪಸ್ ಕೊಟ್ಟ. ಕದ್ದೆಯಾ ಅಂತ ಕೇಳಿದ್ದಕ್ಕೆ ಅವನ ಮುಖ ಕೆಂಪಾಯಿತು.

"ಕದಿಯಾಕೆ ನಾನೇನ್ ಕಳ್ಳನಾ ಅಕ್ಕೋರೆ? ಹರ್ಕಂಡಿದ್ದು!"

ಇಡೀ ಕ್ಲಾಸು ಹೌದು ಹೌದು ಅಂದಿತು, ಬಿಲ್ಲೆ ಕಳೆದುಕೊಂಡವರೂ ಸೇರಿ. ಅಕ್ಕೋರು ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. ಆಗಲೇ ಬಿಲ್ಲೆ ನಿಲ್ಲಿಸಬೇಕಿತ್ತು. ಅವರೋ, ಪಿನ್ನಿನ ಬದಲು ನಾಲ್ಕು ಸುತ್ತು ಹೊಲಿಗೆ ಹಾಕಿದರು. ಅದರಿಂದ ಆದದ್ದೆಂದರೆ ಬಿಲ್ಲೆಯ ಜೊತೆ ಅಂಗಿಯೂ ಹರಿಯತೊಡಗಿತು. ಒಬ್ಬನ ಭುಜ ಜಾರಿತು. ಹೆತ್ತವರು ದೂರು ತರಲಿಲ್ಲ, ಬದಲಿಗೆ ಬೇಲಿಯ ಆಚೆ ನಿಂತು ಕೇಕೆ ಹಾಕಿದರು. ಬರಿದಾದ ಎದೆಯಲ್ಲಿ ಮನೆಗೆ ಹೋದವರಿಗೆ ಅಪ್ಪಂದಿರ ಕೈಲಿ ಬಾರುಕೋಲಿನ ಏಟು. ಅಕ್ಕೋರು ಶಾಲೆಯಿಂದ ಆಚೆ ಎಸೆದ ಬರಲು ಹೀಗೆ ಮನೆಮನೆ ಸೇರಿತು.

ನನ್ನ ಬಿಲ್ಲೆ ಮಾತ್ರ ಯಾರಿಗೂ ಸಿಕ್ಕಿರಲಿಲ್ಲ. ನಾನು ಓಡುತ್ತಿದ್ದೆ, ಒದೆಯುತ್ತಿದ್ದೆ, ಕಚ್ಚುತ್ತಿದ್ದೆ. ಊರಲ್ಲಿ ಅದು ಸುದ್ದಿಯಾಗಿ, ಹುಟ್ಟಿದಾಗಿನಿಂದ ನನ್ನ ಮುಖ ನೆಟ್ಟಗೆ ನೋಡದ ಅಪ್ಪ ಒಂದು ಸಂಜೆ ನನಗೂ ಬೆಲ್ಲದ ತುಂಡು ಕೊಟ್ಟ.

"ಹಬ್ಬ ಮುಗಿಯಾ ತನಕ ಒಂದೂ ಹರಿಯಾಕೆ ಬಿಡಬೇಡ. ಬಿಡಲಿಲ್ಲ ಅಂದ್ರೆ ಹೈಸ್ಕೂಲಿಗೆ ಕಳಿಸ್ತೀನಿ. ಒಂದು ಹೋದ್ರೂ ಗದ್ದೆಗೆ ನಡಿ."

ಅಪ್ಪ ಕೊಟ್ಟ ಮಾತಿಗೆ ತಪ್ಪುವವನಲ್ಲ, ಹೊಡೆಯುತ್ತೇನೆ ಅಂದದ್ದಕ್ಕೂ ತಪ್ಪಿದವನಲ್ಲ. ನಾನು ಇದನ್ನು ಅಕ್ಕೋರಿಗೆ ಹೇಳಿದೆ. ಅವರ ಮುಖ ಬಿಳುಚಿತು.

ನಮ್ಮೂರ ಹಬ್ಬದ ಹಿಂದಿನ ದಿನ ಶನಿವಾರ, ಅರ್ಧ ದಿನದ ಶಾಲೆ. ಗೇಟಿನ ಆಚೆ ಹೈಸ್ಕೂಲಿನ ದೊಡ್ಡ ಹುಡುಗರೂ ಬಂದು ನಿಂತಿದ್ದರು. ನನಗೆ ಬೇರೆ ದಾರಿ ಇರಲಿಲ್ಲ, ಓಡಿದೆ. ಟ್ಯಾಂಕಿನ ಹತ್ತಿರ ಯಾರೋ ಕಾಲು ಅಡ್ಡ ಕೊಟ್ಟರು. ಬಿದ್ದೆ. ಮೇಲೆ ಬಿದ್ದವರ ಮೊಣಕಾಲು ಬೆನ್ನಿಗೆ ನಾಟಿ ಉಸಿರು ನಿಂತಿತು. ಕೂದಲು ಹಿಡಿದು ಮುಖವನ್ನು ಮಣ್ಣಿಗೆ ತಿಕ್ಕಿದರು. ಬಾಯಿಗೆ ಸಿಕ್ಕಿದ ಒಂದು ಕೈಯನ್ನು ಹಲ್ಲು ಇಳಿಯುವ ತನಕ ಕಚ್ಚಿದೆ, ಕೈಗೆ ಸಿಕ್ಕಿದ ಕಲ್ಲಿನಿಂದ ಒಬ್ಬನ ಹುಬ್ಬಿಗೆ ಜಜ್ಜಿದೆ. ಇವತ್ತಿಗೂ ನನಗೆ ಅದರ ಬಗ್ಗೆ ಬೇಸರವಿಲ್ಲ. ಎರಡೂ ತೋಳಲ್ಲಿ ಎದೆ ಅಪ್ಪಿಕೊಂಡು ಮುದುಡಿದ್ದೆ, ಒದೆಯುತ್ತಲೇ ಇದ್ದರು.

ಆಮೇಲೆ ಸುಯ್ ಅನ್ನುವ ಸದ್ದು ಕೇಳಿತು. ಹಸಿ ಲಕ್ಕಿ ಬರಲಿನ ಸದ್ದು ನನಗೆ ನಿದ್ದೆಯಲ್ಲೂ ಗೊತ್ತು. ಹೊಡೆಯುತ್ತಿದ್ದವರು ಅಕ್ಕೋರು. ಹೆಡ್ ಮೇಷ್ಟ್ರ ಮೇಜಿನಿಂದ ಎತ್ತಿಕೊಂಡು ಬಂದಿದ್ದರು. ಕನ್ನಡಕ ಎಲ್ಲೋ ಬಿದ್ದಿತ್ತು, ಕಣ್ಣು ಕಾಣದೆ ಸಿಕ್ಕಸಿಕ್ಕವರಿಗೆ ಬಾರಿಸುತ್ತಿದ್ದರು. ಬೆನ್ನು, ಕಾಲು, ಮುಖ... ಓಡಿದವರನ್ನೂ ಅಟ್ಟಿಸಿಕೊಂಡು ಹೋಗಿ ಹೊಡೆದರು. ತಪ್ಪಿಸಿಕೊಳ್ಳಲು ಟ್ಯಾಂಕಿನ ಕಟ್ಟೆಯಿಂದ ಹಾರಿದ ಒಬ್ಬನ ಕೈ ಮುರಿಯಿತು. ಅವನು ಚೀರಿದ್ದು ಕೇಳಿ ಬರಲನ್ನು ನೆಲಕ್ಕೆ ಹಾಕಿದರು. ತಾವು ಮಾಡಿದ್ದು ಏನು ಅನ್ನುವುದು ಅವರಿಗೆ ಆಗ ಗೊತ್ತಾಗಿರಬೇಕು.

ನಾನು ಎದ್ದು ಎದೆ ಮುಟ್ಟಿ ನೋಡಿಕೊಂಡೆ. ಎಲ್ಲ ಬಿಲ್ಲೆಗಳೂ ಇದ್ದವು. ನಕ್ಕೆ, ಹಲ್ಲಿನ ತುಂಬ ರಕ್ತ. ಅಕ್ಕೋರು ಹತ್ತಿರ ಬಂದರು. ಎತ್ತಿ ಅಪ್ಪಿಕೊಳ್ಳುತ್ತಾರೆ ಅಂದುಕೊಂಡೆ. ಅವರು ನನ್ನ ಅಂಗಿಗೆ ಕೈ ಹಾಕಿ ಹಳದಿ, ನೀಲಿ, ಹಸಿರು ಎಲ್ಲವನ್ನೂ ದಾರ ಸಮೇತ ಪಟಪಟ ಹರಿದರು. ನಾನು ಕಿರುಚಿದೆ, ಅವರ ಮುಂಗೈ ಪರಚಿದೆ, ಹೊಟ್ಟೆಗೆ ಗುದ್ದಿದೆ. ಅವರು ಬಿಡಲಿಲ್ಲ. ಆ ಗಳಿಗೆಯಲ್ಲಿ ಲೋಕದಲ್ಲಿ ನನಗೆ ಅವರಷ್ಟು ದ್ವೇಷ ಬೇರೆ ಯಾರ ಮೇಲೂ ಇರಲಿಲ್ಲ.

ಹರಿದ ಬಿಲ್ಲೆಗಳನ್ನು ಸೆರಗಿನ ಪಿನ್ನಿಗೆ ಒಂದೊಂದಾಗಿ ಚುಚ್ಚಿ ಹೆಗಲಿಗೆ ಸಿಕ್ಕಿಸಿಕೊಂಡು, ನನ್ನ ರಟ್ಟೆ ಹಿಡಿದು ಎಳೆದುಕೊಂಡೇ ನಮ್ಮ ಮನೆಗೆ ನಡೆದರು. ಅಪ್ಪ ಅಂಗಳದಲ್ಲಿ ಹೋರಿಯ ಕೊಂಬು ಹೆರೆಯುತ್ತಿದ್ದ. ಪಕ್ಕದಲ್ಲಿ ನಾಳೆಯ ಕೊಬ್ಬರಿ ಸರದ ರಾಶಿ, ಅಂಗಳವೆಲ್ಲ ಅದೇ ವಾಸನೆ.

"ಯಜಮಾನ್ರೇ, ನಿಮ್ಮ ಮಗಳ ಬಿಲ್ಲೆ ಅಷ್ಟೂ ನಾನು ಹರ್ಕೊಂಡಿದೀನಿ. ನಿಮ್ಮೂರ ನ್ಯಾಯದಲ್ಲಿ ಇವು ನನ್ನವು. ವಾಪಸ್ ಬೇಕು ಅಂದ್ರೆ ನನ್ನ ಮೈಮೇಲಿಂದ ಹರ್ಕೊಳ್ಳಿ."

ಅಪ್ಪ ಎದ್ದ. ಒಂದು ಕೈಯಲ್ಲಿ ಕೊಂಬು ಹೆರೆಯುವ ಕತ್ತಿ. ಮೊದಲು ನನ್ನ ಹತ್ತಿರ ಬಂದು ಖಾಲಿ ಕೈಯಿಂದ ಕಪಾಳಕ್ಕೆ ಬಿಟ್ಟ ಏಟಿಗೆ ಕಿವಿಯೊಳಗೆ ಗುಂಯ್ ಅಂದಿತು, ಆ ಕಿವಿ ಈಗಲೂ ಮಂದ. ಎರಡನೆಯದಕ್ಕೆ ಅದೇ ಕೈ ಎತ್ತಿದಾಗ ಅಕ್ಕೋರು ನಡುವೆ ಬಂದರು. ಆ ಏಟು ಅವರ ಕೊರಳಿಗೆ ಬಿತ್ತು. ತೂರಾಡಿದರೂ ಬೀಳಲಿಲ್ಲ. ಬೇಲಿಯಾಚೆ ಊರು ನೆರೆದು ನೋಡುತ್ತಿತ್ತು. ಮಗಳಿಗೆ ಹೊಡೆಯುವುದು ಅವರಿಗೆಲ್ಲ ದಿನದ ಮಾತು, ಶಾಲೆಯ ಅಕ್ಕೋರ ಮೇಲೆ ಕೈ ಬಿದ್ದದ್ದು ನೋಡಿ ಮಾತ್ರ ಮುಂದೆ ನಿಂತವರು ಹಿಂದೆ ಸರಿದರು. ಮತ್ತೆ ಎತ್ತಿದ ಅಪ್ಪನ ಕೈ ಗಾಳಿಯಲ್ಲೇ ನಿಂತಿತು.

"ಗೆದ್ದೋರಿಗೆ ಬಹುಮಾನ ಕೊಡ್ತೀರಲ್ಲ," ಅಕ್ಕೋರ ದನಿ ಒಡೆದಿತ್ತು. "ನನಗೆ ಇವಳನ್ನ ಕೊಡಿ. ಶಿಕಾರಿಪುರದ ಹಾಸ್ಟೆಲ್ಲಿಗೆ ಸೇರಿಸ್ತೀನಿ."

ಅಪ್ಪ ಕತ್ತಿಯನ್ನು ಕೊಟ್ಟಿಗೆಯ ಕಂಬಕ್ಕೆ ಬೀಸಿ ಕಚ್ಚಿಸಿದ. ಬಿಲ್ಲೆ ಕಿತ್ತುಹೋದ ನನ್ನ ಅಂಗಿಯನ್ನು ನೋಡಿದ.

"ಕರ್ಕಂಡ್ ಹೋಗ್ರಿ. ಸೋತ ಹೋರೀನ ನಾನು ಕೊಟ್ಟಿಗೇಲಿ ಕಟ್ಟಾಕಿಲ್ಲ."

ಅಪ್ಪ ಹೊಡೆದ ಏಟುಗಳಲ್ಲಿ ಅದೇ ದೊಡ್ಡದು. ಆದರೆ ನನ್ನನ್ನು ಆ ಅಂಗಳದಿಂದ ಆಚೆ ದಾಟಿಸಿದ್ದೂ ಅದೇ ಮಾತು. ಗೆದ್ದಿದ್ದರೆ ಅಪ್ಪ ಹೈಸ್ಕೂಲಿಗೆ ಕಳಿಸುತ್ತಿದ್ದನೇನೋ, ಆದರೆ ಮುಂದಿನ ವರ್ಷ ಇನ್ನೊಂದು ಪಂದ್ಯ, ಅದರ ಮುಂದಿನ ವರ್ಷ ಮತ್ತೊಂದು, ಮೈಯಲ್ಲಿ ಶಕ್ತಿ ಇರುವ ತನಕ ಓಡುತ್ತಲೇ ಇರಬೇಕಿತ್ತು. ಇದು ಅಕ್ಕೋರಿಗೆ ಆಗ ಹೊಳೆದಿತ್ತು, ನನಗೆ ಹೊಳೆಯಲು ವರ್ಷಗಳು ಬೇಕಾದವು.

ಹುಡುಗನ ಕೈ ಮುರಿದದ್ದಕ್ಕೆ ಊರು ಅವರನ್ನು ಸುಮ್ಮನೆ ಬಿಡಲಿಲ್ಲ. ಗಂಡಸರು ಶಾಲೆಗೆ ನುಗ್ಗಿ ಬಾಗಿಲು ಮುರಿದರು, ಅವರ ಬಾಡಿಗೆ ಮನೆಗೆ ಕಲ್ಲು ಬಿತ್ತು. ಕೈ ಮುರಿದದ್ದು ತಮ್ಮ ತಪ್ಪೆಂದೇ ಅಕ್ಕೋರು ಒಪ್ಪಿಕೊಂಡರು. ಆ ಹುಡುಗನ ಮನೆಗೆ ಹೋಗಿ ಅವನ ಕಾಲಬುಡದಲ್ಲಿ ಕೂತು ಅತ್ತರಂತೆ. ಬಿಲ್ಲೆಗಳನ್ನು ಒಲೆಗೆ ಹಾಕಿದರು. ಪರೀಕ್ಷೆ ಮುಗಿದ ಮೇಲೆ ನನ್ನನ್ನು ಬಸ್ಸು ಹತ್ತಿಸಿ ಶಿಕಾರಿಪುರದ ಹಾಸ್ಟೆಲ್ಲಿಗೆ ಬಿಟ್ಟರು, ಅವರಿಗೂ ಅಷ್ಟರಲ್ಲಿ ವರ್ಗವಾಗಿತ್ತು. ಹಾಸ್ಟೆಲ್ಲಿನ ಗೇಟಲ್ಲಿ ಕೆಂಪು ಬಿಲ್ಲೆ ಎಲ್ಲಿ ಅಂತ ಕೇಳಿದೆ. ಅದೊಂದನ್ನು ಸುಟ್ಟಿಲ್ಲ, ಓದು ಮುಗಿಸಿ ಬಂದು ಇಸ್ಕೋ ಅಂದರು. ಮುಂಗೈ ಮೇಲೆ ನಾನು ಪರಚಿದ ಗೀರು ಇನ್ನೂ ಮಾಸಿರಲಿಲ್ಲ.

ಓದು ಮುಗಿಯಿತು. ನರ್ಸಿನ ಕೆಲಸ ಸಿಕ್ಕಿತು, ಅದೂ ಶಿಕಾರಿಪುರದಲ್ಲೇ. ಅಕ್ಕೋರನ್ನು ಹುಡುಕಿದೆ, ಒಂದು ಊರಿಂದ ಇನ್ನೊಂದು ಊರಿಗೆ ವರ್ಗವಾಗುತ್ತ ಕೈಗೆ ಸಿಗದೇ ಹೋದರು. ದೀಪಾವಳಿ ಕಳೆದು ಹೊಟ್ಟೆ ಸೀಳಿಸಿಕೊಂಡು ಬಂದವರಿಗೆ ಹೊಲಿಗೆ ಹಾಕುವಾಗೆಲ್ಲ ಅವರು ಪಕ್ಕದಲ್ಲಿ ನಿಂತಂತೆ ಆಗುತ್ತಿತ್ತು. ಹೋದ ತಿಂಗಳು ಅವರ ಕಡೆಯ ಒಬ್ಬರ ಮೂಲಕ ಫೋನ್ ನಂಬರು ಸಿಕ್ಕಿತು. ಎತ್ತಿದ್ದು ಮಗ. ಅಮ್ಮ ಹೋದ ಮಳೆಗಾಲದಲ್ಲೇ ತೀರಿಕೊಂಡರು ಅಂದ. ಕೆಂಪು ಬಟ್ಟೆಯ ತುಂಡೊಂದರ ಬಗ್ಗೆ ಅವನನ್ನು ಕೇಳಬೇಕು ಅಂತ ಬಾಯಿ ತೆರೆದೆ, ಕೇಳದೆಯೇ ಫೋನ್ ಇಟ್ಟೆ...

ಮೊನ್ನೆ ಕೊಬ್ಬರಿ ಅರ್ಧ ತುರಿದು ಕೂತಿದ್ದಾಗ ಮಗಳು ಶಾಲೆಯಿಂದ ಬಂದಳು. ಅವಳ ಎದೆಯ ಮೇಲೆ ಹೊಳೆಯುವ ಪ್ಲಾಸ್ಟಿಕ್ಕಿನ ನಕ್ಷತ್ರ, ಚೆನ್ನಾಗಿ ಓದಿದ್ದಕ್ಕೆ ಕೊಟ್ಟದ್ದಂತೆ. ತೋರಿಸಲು ಓಡಿ ಬಂದಳು. ನನಗೇ ಗೊತ್ತಿಲ್ಲದೆ ನನ್ನ ಕೈ ಅವಳ ಅಂಗಿಯ ಕಡೆ ಹೋಗಿತ್ತು, ಹರಿಯುವ ಹಾಗೆ. ಅವಳು ಹೆದರಿ ಎರಡೂ ತೋಳಲ್ಲಿ ಎದೆ ಮುಚ್ಚಿಕೊಂಡಳು.

ಕೈ ಹಿಂದಕ್ಕೆ ತೆಗೆದುಕೊಂಡೆ. ಚೆನ್ನಾಗಿದೆ ಕಣೇ ಅಂದೆ. ಅವಳು ತೋಳು ಇಳಿಸಲಿಲ್ಲ. ಆಗ ನನಗೆ ಅಳು ಬಂತು, ಅಕ್ಕೋರು ಸತ್ತ ಸುದ್ದಿ ಕೇಳಿದ ದಿನ ಬಾರದ ಅಳು.