ಗೇರ್ ಆಯಿಲ್ ಬದಲಿಸುತ್ತಿದ್ದ ಕಾಕು

ಜೀಪಿನ ಕೆಳಗಿಂದ ಎರಡು ಪಾದಗಳು ಹೊರಗೆ ಚಾಚಿದ್ದವು. ಒಡೆದ ಹಿಮ್ಮಡಿ, ಕಪ್ಪಾದ ಬೆಳ್ಳಿಯ ಕಾಲುಂಗುರ, ಮೊಣಕಾಲಿನ ಕೆಳಗೆ ಬಿಗಿದು ಕಟ್ಟಿದ ಕಚ್ಚೆ ಸೀರೆಯ ಅಂಚು. ನಾನು ಅವರನ್ನು ಮೊದಲು ನೋಡಿದ್ದು ಹಾಗೆ. ನಮ್ಮ ಮನೆಯವರಿಗೆ ಬ್ಯಾಂಕಿನಿಂದ ಔರಂಗಾಬಾದಿಗೆ ವರ್ಗವಾಗಿ, ಚಿಕಲಠಾಣೆಯ ಬಾಡಿಗೆ ಮನೆಗೆ ಸಾಮಾನು ಇಳಿಸುತ್ತಿದ್ದ ಬೆಳಗು ಅದು. ಗೋಣಿತಟ್ಟಿನ ಮೇಲೆ ಜಾರಿಕೊಂಡು ಹೊರಬಂದ ಹೆಂಗಸಿನ ಹಣೆಯಲ್ಲಿ ವಿಭೂತಿ, ಗಲ್ಲದಲ್ಲಿ ಎಣ್ಣೆಯ ಕರಿ ಗೆರೆ.

"ಧಾರವಾಡದವರಂತಲ್ರಿ? ಛಲೋ ಆತು. ಇಲ್ಲಿ ನಮ್ಮ ಮಾತ ಆಡಾಕ ಯಾರೂ ಇದ್ದಿಲ್ಲ" ಎಂದರು. ಅರ್ಧ ತಾಸಿನಲ್ಲಿ ಚಹಾ ಬಂತು. ಸಂಜೆಯ ಹೊತ್ತಿಗೆ ನಾನು ಅವರಿಗೆ "ತಂಗಿ" ಆಗಿದ್ದೆ, ಅವರು ನನಗೆ ಚಿಕ್ಕಮ್ಮನಂಥ ಕಾಕು.

ಬೀದರ ಕಡೆಯವರು. ಅವರ ಗಂಡ ಕಾಕಾ ಆ ಜೀಪಿನಲ್ಲಿ ವಾಳೂಜಿನ ಕಾರ್ಖಾನೆಗಳಿಗೆ ಕೆಲಸದವರನ್ನು ಕರೆದೊಯ್ಯುತ್ತಿದ್ದರಂತೆ. ಲಕ್ವಾ ಹೊಡೆದು ಅವರ ಬಲಭಾಗವೂ ಮಾತೂ ಒಟ್ಟಿಗೇ ಹೋದವು. ಜೀಪು ಮಾರಿಬಿಡು ಎಂದು ಊರಿನ ಮಂದಿಯೆಲ್ಲ ಹೇಳಿದರೂ ಕಾಕು ಮಾರಲಿಲ್ಲ. ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಎಡಗೈಯ ಸನ್ನೆ ನೋಡಿ ಗಾಡಿ ನಡೆಸುವುದನ್ನು ಕಲಿತರು. ಮಗಳು ಆಗಲೇ ಮದುವೆಯಾಗಿ ನಾಸಿಕದಲ್ಲಿದ್ದಳು.

ಮೆಕ್ಯಾನಿಕ್‌ಗಳಿಗೆ ಕಾಕು ಉಳಿದೆಲ್ಲ ಕೆಲಸ ಬಿಡುತ್ತಿದ್ದರು, ಗೇರ್ ಆಯಿಲ್ ಮಾತ್ರ ಬಿಡುತ್ತಿರಲಿಲ್ಲ. ಗೇರ್‌ಬಾಕ್ಸು, ಹಿಂದಿನ ಗಾಲಿಗಳ ನಡುವೆ ಜೋತುಬಿದ್ದ ಕಬ್ಬಿಣದ ಗುಂಡು ಡಿಫರೆನ್ಶಿಯಲ್, ಇವೆರಡರ ಎಣ್ಣೆ ಅವರ ಕೈಯಿಂದಲೇ ಬದಲಾಗಬೇಕು. ಮೊದಲು ಗಾಡಿಯನ್ನು ಒಂದು ಸುತ್ತು ಓಡಿಸಿ ತರುತ್ತಿದ್ದರು. ಬಿಸಿಯಾದ ಎಣ್ಣೆ ಹೊಲಸನ್ನೆಲ್ಲ ಹೊತ್ತುಕೊಂಡು ಇಳಿಯುತ್ತದೆ. ಆಮೇಲೆ ಕೆಳಗೆ ತಗಡಿನ ಡಬ್ಬಿ ಇಟ್ಟು ಬಿರಡೆ ಬಿಚ್ಚುವುದು. ಇಳಿದ ಎಣ್ಣೆಯನ್ನು ಒಂದು ಬಟ್ಟಲಲ್ಲಿ ಹಿಡಿದು ಕಾಕಾನ ಮುಂದೆ ಹೋಗಿ ಕೂರುತ್ತಿದ್ದರು.

"ನೋಡ್ರಿ, ಹ್ಯಾಂಗದ?"

ಕಾಕಾ ಎಡಗೈಯ ಎರಡು ಬೆರಳ ನಡುವೆ ಅದನ್ನು ತಿಕ್ಕುವರು. ಕಬ್ಬಿಣದ ಹುಡಿ ಸಿಕ್ಕರೆ ಹುಬ್ಬು ಗಂಟಾಗುವುದು, ನುಣ್ಣಗಿದ್ದರೆ ತಲೆ ಆಡುವುದು. ಅಷ್ಟು ಹೊತ್ತಿಗೆ ಕಾಕುವಿಗೆ ನೋಡಿದರೇ ತಿಳಿಯುತ್ತಿತ್ತು. ಆದರೂ ಒಂದು ಸಲವೂ ಕೇಳದೆ ಬಿಟ್ಟವರಲ್ಲ.

"ಎಷ್ಟು ದಿನಕ್ಕ ಬದಲಸಬೇಕ್ರಿ ಕಾಕು ಇದನ್ನ?" ಎಂದು ಒಮ್ಮೆ ಕೇಳಿದೆ.

"ಊರಾಗ ಅಡ್ಡಾಡೋ ಗಾಡಿಗಿ ಎರಡು ಮೂರು ವರ್ಷ ಏನೂ ಆಗಂಗಿಲ್ಲ. ನಮ್ಮದು ಭಾರ ಹೊರ್ತದ, ವರ್ಷಕ್ಕೊಮ್ಮೆ ಬೇಕೇ ಬೇಕು. ನೀರಾಗ ಮುಳುಗಿ ಬಂತಂದ್ರ ಲೆಕ್ಕನೇ ಇಲ್ಲ, ಅವತ್ತೇ." ಬಿರಡೆ ಒರೆಸುತ್ತ ಹೇಳಿದರು, "ಎಂಜಿನ್ನಿಗಿ ಎಣ್ಣಿ ಕಮ್ಮಿ ಆದ್ರ ಬಡಕೋತದ, ಊರಿಗೇ ಗೊತ್ತಾಗ್ತದ. ಈ ಗುಂಡು ಬಾಯಿ ಬಿಟ್ಟು ಕೇಳಂಗಿಲ್ಲ ತಂಗಿ. ಕೇಳಲಾರದವರನ್ನ ನಾವೇ ಹೋಗಿ ವಿಚಾರಸ್ಬೇಕಾಗ್ತದ."

ಮರುವರ್ಷ ನನ್ನ ಬಸಿರು ಐದನೇ ತಿಂಗಳಿಗೆ ನಿಲ್ಲದೆ ಹೋಯಿತು. ಅವ್ವ ಬಂದು ಹದಿನೈದು ದಿನ ಇದ್ದು ಹೋದಳು. ಆಮೇಲೆ ಹಗಲೆಲ್ಲ ಮನೆಯಲ್ಲಿ ನಾನೊಬ್ಬಳೇ. ಅಡುಗೆ ಮಾಡುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ. ನೆರೆಯ ಹೆಂಗಸರು ಸಮಾಧಾನ ಹೇಳಲು ಬಂದರೆ ಒಳಗೆ ಹೋಗಿ ಕೂತುಬಿಡುತ್ತಿದ್ದೆ. ಕಾಕು ಸಮಾಧಾನ ಹೇಳಲಿಲ್ಲ. ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು, "ಪೈಠಣಕ್ಕ ಹೊಂಟೀನಿ, ಹತ್ತು" ಎಂದರು. ಕಾಕಾ ಮುಂದಿನ ಸೀಟಿನಲ್ಲಿ ಕೂತಿದ್ದರು. ಜಾಯಕವಾಡಿ ಅಣೆಕಟ್ಟಿನ ಹತ್ತಿರ ರಸ್ತೆ ಖಾಲಿಯಿತ್ತು. ಕಾಕು ಗಾಡಿ ನಿಲ್ಲಿಸಿ ಇಳಿದರು.

"ಈ ಕಡಿ ಬಾ. ಸ್ಟೇರಿಂಗ್ ಹಿಡಿ."

"ನನಗ ಬರೂದಿಲ್ರಿ ಕಾಕು."

"ನನಗ ಬರ್ತಿತ್ತೇನು?"

ಕ್ಲಚ್ ಬಿಟ್ಟ ಕೂಡಲೇ ಜೀಪು ಹಾರಿ ನಿಂತಿತು. ಕಾಕಾ ಗಂಟಲಲ್ಲೇ ನಕ್ಕರು. ನಾನು ಮತ್ತೆ ಹೊರಡಿಸಿದೆ, ಮತ್ತೆ ನಿಂತಿತು. ಮನೆಗೆ ಮರಳುವಾಗ ನನಗೆ ಬಹಳ ದಿನದ ಮೇಲೆ ಹಸಿವೆಯಾಗಿತ್ತು. ಅಂದಿನಿಂದ ವಾರಕ್ಕೊಮ್ಮೆ ಆ ರಸ್ತೆ ನಮ್ಮದಾಯಿತು. ಗಾಡಿ ನನ್ನ ಮಾತು ಕೇಳುವಷ್ಟು ನಾನು ಕಲಿತೆ.

ಮಳೆಗಾಲ ಬಂತು. ವಾಳೂಜಿನ ದಾರಿಯ ಹಳ್ಳ ಒಂದು ಸಂಜೆ ತುಂಬಿ ಹರಿಯಿತು. ಮನೆ ಮುಟ್ಟಬೇಕಾದ ಕೆಲಸದವರನ್ನು ಕೂರಿಸಿಕೊಂಡು ಕಾಕು ಗಾಲಿ ಮುಳುಗುವ ನೀರಿನಲ್ಲಿ ಜೀಪು ದಾಟಿಸಿ ತಂದಾಗ ನಡುರಾತ್ರಿ ಕಳೆದಿತ್ತು. ಮರುದಿನ ಬೆಳಿಗ್ಗೆ ಮನೆ ಮಾಲಕರ ಫೋನಿಗೆ ನಾಸಿಕದಿಂದ ಸುದ್ದಿ ಬಂತು. ಮಗಳಿಗೆ ದಿನ ತುಂಬುವ ಮೊದಲೇ ನೋವು ಶುರುವಾಗಿ ಆಸ್ಪತ್ರೆಗೆ ಸೇರಿಸಿದ್ದರು.

ಕಾಕಾ ಬಸ್ಸು ಹತ್ತಲಾರರು, ಅವರನ್ನು ಬಿಟ್ಟು ಹೋಗಲು ಕಾಕು ಒಪ್ಪಲಾರರು. ಜೀಪಿನಲ್ಲೇ ಹೋಗಬೇಕು. ಎಲ್ಲರೂ ಅವಸರ ಮಾಡುತ್ತಿದ್ದರೆ ಕಾಕು ಗೋಣಿತಟ್ಟು ಹಾಸಿ ಕೆಳಗೆ ಸರಿದರು. ಗುಂಡಿನಿಂದ ಇಳಿದ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕಿತ್ತು. ಒಳಗೆ ನೀರು ಹೊಕ್ಕಿತ್ತು.

"ನಾಸಿಕದಾಗ ಬದಲಸಿದ್ರ ಆಗೂದಿಲ್ಲೇನ್ರಿ?" ಎಂದು ನಮ್ಮ ಮನೆಯವರು ಮೆಲ್ಲಗೆ ಕೇಳಿದರು.

"ಆದ್ರೂ ಆದೀತು" ಎಂದರು ಕಾಕು, ಕೆಳಗಿನಿಂದಲೇ. "ಅವರನ್ನ ಕರಕೊಂಡು ನಡು ದಾರ್ಯಾಗ ನಿಲ್ಲಾಕ ನನಗ ಧೈರ್ಯ ಇಲ್ರಿ."

ಕೆಳಗಿನ ಬಿರಡೆಯನ್ನು ಎರಡೆರಡು ಸಲ ಬಿಗಿದು ನೋಡಿದರು. ಹೊಸ ಎಣ್ಣೆ ಹರಳೆಣ್ಣೆಯಂತೆ ಮಂದ. ಕೊಳವೆಯಲ್ಲಿ ಅದು ಇಳಿಯುವವರೆಗೂ ಅವರ ತುಟಿಯಲ್ಲಿ ಶಿವನಾಮ. ಹೊರಡುವ ಮುಂಚೆ ನನ್ನ ಕಡೆ ನೋಡಿ, "ನೀ ಬರಲೇಬೇಕಂತಿಲ್ಲ ತಂಗಿ" ಎಂದರು. ಹೆರಿಗೆಯ ಮನೆಗೆ ಹೋಗಲು ನನಗೆ ಕಷ್ಟವಾದೀತೆಂದು ಅವರಿಗೆ ಗೊತ್ತಿತ್ತು. ನಾನು ಹತ್ತಿ ಕಾಕಾನ ಬಲಭುಜಕ್ಕೆ ಆನಿಕೆಯಾಗಿ ಕೂತೆ. ಯೇವಲೆಯ ನಂತರ ಕಾಕುವಿನ ಕಣ್ಣಿಗೆ ನೀರು ಬರುತ್ತಿದ್ದುದರಿಂದ ನಿಫಾಡದವರೆಗೆ ಗಾಡಿ ನಾನು ನಡೆಸಿದೆ.

ನಾವು ಮುಟ್ಟುವ ಮೊದಲೇ ಹೆಣ್ಣು ಕೂಸು ಹುಟ್ಟಿಯಾಗಿತ್ತು. ಸಣ್ಣದು, ಆದರೆ ಜೋರಾಗಿ ಅಳುತ್ತಿತ್ತು.

"ಭಾಳ ತಡಾ ಮಾಡಿದಿ ಅವ್ವಾ. ನಾ ನಿನ್ನೇ ಕರೀಲತ್ತಿದ್ದೆ" ಎಂದಳು ಮಗಳು.

"ಹೌದವ್ವ, ತಡಾ ಆತು. ನಿನ್ನ ಅಪ್ಪಗ ಕರಕೊಂಡು ಬಂದೀನಿ ನೋಡು" ಎಂದರು ಕಾಕು. ಬಾಗಿಲಲ್ಲಿ ಅಳಿಯನ ತೋಳು ಹಿಡಿದು ನಿಂತ ಅಪ್ಪನನ್ನು ನೋಡಿ ಮಗಳು ಅವರತ್ತ ಕೈ ಚಾಚಿದಳು. ಲಕ್ವಾ ಹೊಡೆದ ಮೇಲೆ ಕಾಕಾ ಅವಳ ಊರಿಗೆ ಬಂದದ್ದು ಅದೇ ಮೊದಲು.

ದಾದಿ ಕೂಸನ್ನು ತಂದಾಗ ಕಾಕು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. "ನನ್ನ ಕೈಯೆಲ್ಲ ಎಣ್ಣಿ ನಾರ್ತದ. ತಂಗಿ, ನೀ ತಗೋ. ನಾ ನೋಡ್ತೀನಿ."

ನಾನು ತೆಗೆದುಕೊಂಡೆ. ಕೂಸು ಅಳು ನಿಲ್ಲಿಸಿ ನನ್ನ ಸೆರಗು ಹಿಡಿಯಿತು. ಬಸಿರು ಹೋದಾಗ ಬಾರದ ಅಳು ನನಗೆ ಆಗ ಬಂತು. ಯಾರೂ ನನ್ನನ್ನು ತಡೆಯಲಿಲ್ಲ. ಕಾಕು ನನ್ನ ಪಕ್ಕದಲ್ಲೇ ನಿಂತಿದ್ದರು.

ಮುಂದೆ ನಮಗೆ ಹುಬ್ಬಳ್ಳಿಗೆ ವರ್ಗವಾಯಿತು, ಮಗ ಹುಟ್ಟಿದ. ಕಾಕಾ ತೀರಿಕೊಂಡ ಮೇಲೆ ಕಾಕು ಜೀಪು ಮಾರಿ ನಾಸಿಕಕ್ಕೆ ಹೋದರು. ಕೊನೆಯ ಸಲ ಅಲ್ಲಿಗೆ ಹೋದಾಗ ಕೇಳಿದೆ, "ಕಾಕು, ಅವತ್ತ ದವಾಖಾನಿಯೊಳಗ ಕೈ ತೊಳಿಯಾಕ ಸಾಬೂನು ಇದ್ದಿಲ್ಲೇನ್ರಿ?"

"ಇತ್ತು" ಎಂದು ನಕ್ಕರು. ಚಹಾ ಆರುತ್ತದೆ, ಕುಡಿ ಎಂದರು.

ಅವರು ತೀರಿಹೋದ ಸುದ್ದಿಯನ್ನು ಫೋನಿನಲ್ಲಿ ಮರಾಠಿ ಬೆರೆತ ಕನ್ನಡದಲ್ಲಿ ಹೇಳಿದ್ದು ಅಂದು ನನ್ನ ಸೆರಗು ಹಿಡಿದಿದ್ದ ಮೊಮ್ಮಗಳು. "ಮಾವಶಿ, ಅಜ್ಜಿ ಮುಂಜಾನಿ ಹೋದ್ಳು. ಏಕದಮ್ ಶಾಂತ. ತುಮ್ಹಿ ಬರ್ತೀರಿ ನಾ?"

ನಾವು ಮುಟ್ಟಿದಾಗ ಕಾಕುವನ್ನು ಹೂವಿನ ನಡುವೆ ಕೂರಿಸಿದ್ದರು, ಹಣೆ ತುಂಬ ವಿಭೂತಿ. ಮಣ್ಣು ಮಾಡುವಲ್ಲಿ ನಾನು ನೆರೆಯವರ ಜೊತೆ ಹಿಂದೆ ನಿಂತೆ. ಮನೆಯವರೆಲ್ಲ ಸರದಿಯಂತೆ ಬಿಲ್ವಪತ್ರಿ ಹಾಕುತ್ತಿದ್ದರು. ಮಗಳು ತಿರುಗಿ ನನ್ನನ್ನು ಹುಡುಕಿದಳು, ಹಿಂದೆ ಬಂದು ಕೈ ಹಿಡಿದಳು.

"ಮುಂದ ಬರ್ರಿ ಅಕ್ಕಾ. ಮೊದಲ ನಿಮ್ಮದು, ಆಮ್ಯಾಲ ನಂದು."

ಅವಳು ನನ್ನನ್ನು ಅಕ್ಕ ಎಂದದ್ದು ಅದೇ ಮೊದಲು. ಪತ್ರಿ ಹಿಡಿದು ನಾನು ಮುಂದೆ ಹೋದೆ.