ಅಳು ಬಾರದವಳ ಕಸುಬು

ನನಗೆ ಅಳು ಬರುವುದಿಲ್ಲ. ಇದನ್ನು ಬಡಾಯಿಗೆ ಹೇಳುತ್ತಿಲ್ಲ. ಕೆಲವರಿಗೆ ಬೆವರು ಬರುವುದಿಲ್ಲವಲ್ಲ, ಹಾಗೆ ಇದೂ. ಈರುಳ್ಳಿ ಹೆಚ್ಚಿದರೂ ಇಲ್ಲ, ಒಲೆಯ ಹೊಗೆಗೂ ಇಲ್ಲ. ಚನ್ನಗಿರಿಯ ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಕಣ್ಣು ಒಣಗಿ ಹೋಗೈತೆ ಅಜ್ಜಿ" ಎಂದು ಹನಿ ಔಷಧಿ ಕೊಟ್ಟರು. ಊರಿನವರೆಲ್ಲ ಪುಕ್ಕಟೆ ಸುರಿಸುವ ನೀರನ್ನು ನಾನು ಅಂಗಡಿಯಿಂದ ಸೀಸೆಯಲ್ಲಿ ತರಬೇಕು.

ನಮ್ಮ ಮನೆಯವರು ತೀರಿಕೊಂಡಾಗಲೂ ಅಳಲಿಲ್ಲ. ನೆರೆದ ಹೆಂಗಸರು ನನ್ನ ಮುಖವನ್ನೇ ಕಾದು ಕಾದು ಸುಸ್ತಾದರು. ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಹಾರ ಹಾಕುತ್ತಾರೆ. "ಒಂದು ಹನಿನಾದ್ರೂ ಹಾಕೇ ಕೆಂಚಕ್ಕ" ಎಂದು ನಾದಿನಿ ಪಕ್ಕೆಗೆ ತಿವಿದಳು. "ಅತ್ರೆ ಎದ್ದು ಕೂರ್ತಾರೇನು?" ಎನ್ನಲು ಬಾಯಿ ತೆರೆದೆ. ನೋಡಿದರೆ ಅವರು ಆಗಲೇ ಕೂತಿದ್ದರು. ಬಾಯಿ ಮುಚ್ಚಿಕೊಂಡೆ.

ಇಂಥ ನನಗೆ ಸಿಕ್ಕ ಗೆಳತಿ ಹಾಲಮ್ಮ. ಸಾಸ್ವೆಹಳ್ಳಿಯಲ್ಲಿ ಹುಟ್ಟಿ, ನಮ್ಮ ತ್ಯಾವಣಿಗೆಗೆ ಸೊಸೆಯಾಗಿ ಬಂದವಳು. ಅಳುವುದರಲ್ಲಿ ಅವಳನ್ನು ಮೀರಿಸುವವರು ಈ ಸೀಮೆಯಲ್ಲಿ ಇಲ್ಲ. ಬರೀ ಕಣ್ಣೀರಲ್ಲ, ಹಾಡಿಕೊಂಡು ಅಳುತ್ತಾಳೆ. ಸತ್ತವರ ನಡಿಗೆ, ಮಾತು, ಅವರು ಉಂಡ ತಟ್ಟೆ, ಕಟ್ಟಿದ ಎಮ್ಮೆ ಎಲ್ಲವೂ ಅದರಲ್ಲಿ ಬರುತ್ತವೆ. ಅವರನ್ನು ಇವಳು ಕಂಡಿರಬೇಕೆಂದೇನಿಲ್ಲ. ಬಸ್ಸಿಳಿದು ಚಹಾದಂಗಡಿಯಲ್ಲಿ ನಿಂತು, "ಏನಾಗಿತ್ತು? ಎಮ್ಮೆ ಇತ್ತಾ?" ಎಂದು ಕೇಳಿಕೊಂಡರೆ ಸಾಕು. ಮೊದಲೆಲ್ಲ ಸುತ್ತಲಿನ ಹಳ್ಳಿಗಳಿಗಷ್ಟೇ ಹೋಗುತ್ತಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದದ್ದೇ ತಡ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸಾವೂ ಅವಳವೇ ಆದವು. ಜತೆಗೆ ನಾನೂ ಹೋಗುತ್ತೇನೆ, ಅವಳ ಚೀಲ ಹಿಡಿದುಕೊಳ್ಳಲು. ದಾರಿಯುದ್ದಕ್ಕೂ ಮಂಡಕ್ಕಿ ಮೆಲ್ಲುತ್ತ, ಕಂಡಕ್ಟರನ ಮದುವೆಯ ವಿಚಾರ ಕೇಳುತ್ತ ನಗುನಗುತ್ತ ಬರುವ ಹೆಂಗಸು, ಸತ್ತವರ ಬೀದಿಯ ತಿರುವಿನಲ್ಲಿ ಮಂಡಕ್ಕಿ ಪೊಟ್ಟಣ ನನ್ನ ಕೈಗಿಟ್ಟು, ತುರುಬು ಬಿಚ್ಚಿ "ಅಯ್ಯೋ ನನ್ನಪ್ಪಾ" ಎಂದು ಕೂಗಿದಳೆಂದರೆ, ಅದುವರೆಗೆ ಮೊಬೈಲು ನೋಡುತ್ತ ಕೂತ ಮಕ್ಕಳೂ ಗೋಳೋ ಎನ್ನಬೇಕು. ಅವಳ ಅಳು ನಾಟಕವೇ ಎಂದು ನಾನೇ ಒಮ್ಮೆ ಕೇಳಿದ್ದೆ. "ಸುಳ್ಳು ಅಳು ಬರಾಕೆ ನಾನೇನು ನಲ್ಲಿನಾ?" ಎಂದು ಎರಡು ದಿನ ಮಾತು ಬಿಟ್ಟಿದ್ದಳು.

ದಾವಣಗೆರೆಯಲ್ಲಿ ಓದುವ ನನ್ನ ಮೊಮ್ಮಗಳು ಕಾವ್ಯ ಒಂದು ದಿನ, "ಅಜ್ಜಿ, ನಿನಗೆ ನಿಜವಾಗ್ಲೂ ಒಗ್ಗೋ ಕೆಲಸ ಯಾವ್ದು?" ಎಂದು ಕೇಳಿದಳು. ಅವಳಿಗೆ ಅವಳದ್ದು ಸಿಕ್ಕಿಲ್ಲವಂತೆ, ಹುಡುಕುತ್ತಿದ್ದಾಳಂತೆ. ನಾನು ಹುಡುಕಿದವಳಲ್ಲ, ಸಿಕ್ಕಿದ್ದನ್ನು ಮಾಡಿದವಳು. ಆದರೆ ಎಲ್ಲೂ ನಿಲ್ಲಲಿಲ್ಲ. ಅಡಿಕೆ ಸುಲಿಯುವ ಕಡೆ ಮೇಸ್ತ್ರಿಯ ತೂಕದ ಬಗ್ಗೆ ಎರಡು ಮಾತಾಡಿದೆ, ಬರಬೇಡ ಎಂದರು. ಹೊಲಿಗೆ ಕಲಿತು ರವಿಕೆ ಹೊಲಿದೆ, ಬಿಗಿಯಾಯ್ತು ಎಂದವಳಿಗೆ ರವಿಕೆ ಸರಿಯಾಗೇ ಐತೆ, ನೀನು ಕಡಿಮೆ ಉಣ್ಣು ಎಂದೆ. ಅಲ್ಲಿಗೆ ಮಷಿನ್ನಿನ ಮೇಲೆ ಬಟ್ಟೆ ಮುಚ್ಚಿಟ್ಟೆ. ಸಂಘದ ಹಪ್ಪಳ ಮಾರಲು ಕೂರಿಸಿದರು. ಚೆನ್ನಾಗಿದೆಯಾ ಎಂದು ಕೇಳಿದವರಿಗೆ ಉಪ್ಪು ಜಾಸ್ತಿ ಎಂದೆ. ಇದ್ದದ್ದೇ ಅದು. ಮಠದ ಪ್ರವಚನದಲ್ಲಿ ಕಾಯಕದ ಮಾತು ಬಂದಾಗಲೆಲ್ಲ ನನಗೆ ಇದೇ ಯೋಚನೆ. ಹಗ್ಗ ಹೊಸೆದವರು, ದೋಣಿ ನಡೆಸಿದವರು, ಬಟ್ಟೆ ಮಡಿ ಮಾಡಿದವರು ಎಲ್ಲರೂ ಶರಣರಾದರಂತೆ. ಮುಖಕ್ಕೆ ಹೊಡೆದಂತೆ ಮಾತಾಡುವ ಕಾಯಕದವರು ಒಬ್ಬರಾದರೂ ಇರಲಿಲ್ಲವೇ? ಕೇಳಬೇಕೆಂದು ಕೈ ಎತ್ತಿದ್ದೆ, ಪ್ರಸಾದ ಬೇಕೇನೋ ಎಂದು ಬಾಳೆಹಣ್ಣು ಕೊಟ್ಟರು.

ಹೋದ ವರ್ಷ ನ್ಯಾಮತಿಯ ಒಂದು ಸಾವಿನಿಂದ ಬರುವಾಗ ಹಾಲಮ್ಮ ಮಂಡಕ್ಕಿ ಮುಟ್ಟಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, "ಅಲ್ಲೇ ಕೆಂಚಕ್ಕ, ಎಲ್ಲಾರಿಗೂ ನಾನು ಅಳ್ತೀನಿ. ನನಗೆ ಯಾರು ಅಳೋರು?" ಎಂದಳು. ಅವಳಿಗೆ ಹೆಣ್ಣುಮಕ್ಕಳಿಲ್ಲ. ಇಬ್ಬರು ಸೊಸೆಯಂದಿರು ಒಳ್ಳೆಯವರೇ, ಆದರೆ ಅಳುವಾಗ ಮೂಗಿಗೆ ಸೆರಗು ಹಿಡಿದು ಸುಸ್‌ಸುಸ್ ಎನ್ನುವ ಜಾತಿ.

"ಸತ್ತ ಮೇಲೆ ನಿನಗೆ ಕೇಳಿಸ್ತೈತೇನೆ?" ಎಂದೆ.

"ನನಗೆ ಕೇಳಿಸದಿದ್ರೆ ಬ್ಯಾಡ, ಬೀದಿಗೆ ಕೇಳಿಸ್ಬೇಕು. ನೀನೇ ಅಳ್ಬೇಕು. ನಾನು ಕಲಿಸ್ತೀನಿ."

ಬೇಡವೆಂದೆ. ಅವಳು ಬಸ್ಸಿನಲ್ಲೇ ಅಳಲು ತುರುಬಿಗೆ ಕೈ ಹಾಕಿದಳು. ಒಪ್ಪಿಕೊಂಡೆ.

ಅವಳ ಮನೆಯವರೆಲ್ಲ ಚನ್ನಗಿರಿಗೆ ನೆಂಟರ ಮದುವೆಗೆ ಹೋದ ದಿನ ಪಾಠ. ಮಂಡಿನೋವು ಎಂದು ಸುಳ್ಳು ಹೇಳಿ ಹಾಲಮ್ಮ ಉಳಿದಿದ್ದಳು. ಪಡಸಾಲೆಯ ಗೋಡೆಗೆ ಒರಗಿ, ವಿಭೂತಿ ಬಳಿದುಕೊಂಡು, ದೇವರ ಪಟದ ಚೆಂಡುಹೂವಿನ ಹಾರ ತೆಗೆದು ತಾನೇ ಹಾಕಿಕೊಂಡು ಕಣ್ಣು ಮುಚ್ಚಿದಳು. "ಹೂಂ, ಸತ್ತೆ. ಶುರು ಮಾಡು."

"ಅಯ್ಯೋ ಹಾಲಮ್ಮ," ಎಂದೆ.

"ಹಾಲು ಒಡೀತು ಅನ್ನೋ ಹಂಗೆ ಐತೆ. ದನಿ ಎತ್ತು."

ಎತ್ತಿದೆ. "ಈಗ ಕೋಳಿ ಓಡಿಸಿದಂಗಾತು" ಎಂದಳು. ಪ್ರತಿ ಸಾಲಿಗೂ ಒಂದು ಕೊಂಕು ತೆಗೆದಳು. ಕೊನೆಗೆ ನನಗೂ ತಲೆ ಕೆಟ್ಟು, "ಹೆಣ ಮಾತಾಡ್ಬಾರ್ದು! ಬಾಯಿ ಮುಚ್ಚಿಕೊಂಡು ಕೂತ್ಕೊ!" ಎಂದು ಗದರಿದೆ. ಸರಿಯಾದ ಮಾತು ಎನಿಸಿರಬೇಕು. ಅವಳು ಗಪ್ಪೆಂದಳು.

ಅದೇ ಹೊತ್ತಿಗೆ ಡೈರಿಯ ನಾಗಪ್ಪ ಹಾಲಿನ ಕ್ಯಾನು ಕೇಳಲು ಬಾಗಿಲಿಗೆ ಬಂದ. ಹಾರ ನೋಡಿದ, ವಿಭೂತಿ ನೋಡಿದ, ಎದೆ ಬಡಿದುಕೊಳ್ಳುತ್ತಿದ್ದ ನನ್ನನ್ನು ನೋಡಿದ. ಕೆಂಚಕ್ಕನೇ ಎದೆ ಬಡಿದುಕೊಳ್ಳುತ್ತಿದ್ದಾಳೆಂದ ಮೇಲೆ ಅನುಮಾನಕ್ಕೆ ಜಾಗವೆಲ್ಲಿ? ಹೊರಗೆ ಓಡುತ್ತಲೇ ಫೋನು ತೆಗೆದ.

ಬೀದಿಯ ಜನ ತುಂಬಿಕೊಂಡರು. ನಾನು ಇದ್ದದ್ದನ್ನು ಇದ್ದಂತೆಯೇ ಹೇಳಿದೆ. "ಸತ್ತಿಲ್ರೀ. ಅಳೋದು ಪ್ರಾಕ್ಟೀಸ್ ಮಾಡ್ತಾ ಇದೀವಿ."

"ಪಾಪ, ದುಃಖಕ್ಕೆ ತಲೆ ತಿರುಗೇತೆ, ನೀರು ಕುಡಿಸ್ರಿ" ಎಂದರು. ಜೀವನವೆಲ್ಲ ನಿಜವನ್ನೇ ಮಾತಾಡಿದವಳ ಒಂದು ನಿಜ ಬೇಕಾದಾಗ ಯಾರಿಗೂ ಬೇಡವಾಯಿತು. ಹಾಲಮ್ಮನ ಕಿವಿಯ ಬಳಿ ಬಾಗಿ, "ಏಳೇ ಮಾರಾಯ್ತಿ" ಎಂದೆ. ಅವಳು ತುಟಿ ಅಲ್ಲಾಡಿಸದೆ, "ಸುಮ್ನಿರೆ. ಯಾರ್ಯಾರು ಬರ್ತಾರೆ ನೋಡಾಣ" ಎಂದಳು. ಸಾಯುವುದು ಅವಳಿಗೆ ಹಿಡಿಸಿಬಿಟ್ಟಿತ್ತು. ಕಾಲು ಮುಟ್ಟಿ ನಮಸ್ಕರಿಸಿದ ಮುದುಕರೊಬ್ಬರು, "ಇನ್ನೂ ಬೆಚ್ಚಗೈತಲ್ರೀ" ಎಂದರು. "ಈಗ ತಾನೇ ಹೋಗ್ಯಾಳೆ, ಆರಾಕೆ ಹೊತ್ತು ಬೇಕಲ್ಲ" ಎಂದು ಇನ್ನೊಬ್ಬರು ಸಮಾಧಾನ ಹೇಳಿದರು.

ಮದುವೆಮನೆಗೂ ಸುದ್ದಿ ಮುಟ್ಟಿತ್ತು. ಮಕ್ಕಳು ಸೊಸೆಯಂದಿರ ಜತೆ ಹೊನ್ನಾಳಿ, ನ್ಯಾಮತಿ, ಜಗಳೂರಿನ ನೆಂಟರೆಲ್ಲ ಊಟದೆಲೆಯಿಂದ ಎದ್ದು ಟೆಂಪೋ ಹತ್ತಿ ಬಂದರು. ರೇಷ್ಮೆ ಸೀರೆ, ತಲೆತುಂಬ ಮಲ್ಲಿಗೆ, ಕೈಯಲ್ಲಿ ಇನ್ನೂ ಹೋಳಿಗೆಯ ತುಪ್ಪ. ಹಿರಿಯ ಮಗ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿಕೊಂಡು ನಿಂತ. ಸೊಸೆಯಂದಿರು ಸುಸ್‌ಸುಸ್ ಎಂದರು. ಉಳಿದವರು ಕೈಮುಗಿದು, ಫೋಟೋ ತೆಗೆದುಕೊಂಡು, ಮಣ್ಣು ಎಷ್ಟೊತ್ತಿಗೆ, ಕೊನೆಯ ಬಸ್ಸು ಎಷ್ಟೊತ್ತಿಗೆ ಎಂದು ವಿಚಾರಿಸಿಕೊಂಡರು. ಇವರೆಲ್ಲರ ಅಪ್ಪ ಅವ್ವಂದಿರಿಗೆ ಹಾಲಮ್ಮ ದನಿ ಬೀಳುವಂತೆ ಅತ್ತಿದ್ದಳು. ಈಗ ಒಬ್ಬರಾದರೂ ಬಾಯಿ ಬಿಟ್ಟು ಅಳಲಿಲ್ಲ. ಹಾಲಮ್ಮನ ಕೆಳತುಟಿ ಸಣ್ಣಗೆ ನಡುಗಿದ್ದು ನನಗೊಬ್ಬಳಿಗೇ ಕಂಡಿತು.

ನನಗೆ ಉರಿದುಹೋಯಿತು. ಅಳು ಬರುವುದಿಲ್ಲ, ಬೈಗುಳ ಬರುತ್ತದೆ. ಅವಳ ಎದುರು ಕುಕ್ಕರಿಸಿದೆ.

"ಲೇ ಹಾಲಿ! ಬುದ್ಧಿಗೇಡಿ! ಜಗಳೂರಿನ ಬಿಸಿಲಾಗೆ ನಿಂತು ಇವರಪ್ಪಂಗೆ ಅತ್ತೆಯಲ್ಲ, ಒಬ್ಬರಾದ್ರೂ ನಿನಗೆ ಒಂದು ಲೋಟ ನೀರು ಕೊಟ್ರೇನೇ? ನಿನ್ನ ಮಂಡಿನೋವು ಕೇಳಿದ್ರೇನೇ? ಊರೆಲ್ಲಾ ನನ್ನನ್ನ ಕಲ್ಲು ಅಂದಾಗ, ನೀನೇ ಈ ಕಲ್ಲಿನ ಮಗ್ಗುಲಿಗೆ ಬಂದು ಕುಂತು, ನಿನ್ನದೂ ಸೇರಿಸಿ ನಾನೇ ಅಳ್ತೀನಿ ಬಿಡು ಅಂದಿದ್ದೆ. ಈಗ ಹಿಂಗೆ ಮುಂದಾಗಿ ಹೋದ್ರೆ ನನ್ನ ಪಾಲಿನ ಅಳು ಯಾರು ಅಳ್ಬೇಕೇ ಕಳ್ಳಿ? ನನ್ನ ಎಲೆಅಡಿಕೆ ಕುಟ್ಟಾಣಿ ಒಯ್ದು ಎಷ್ಟು ವರ್ಷ ಆತು, ಅದನ್ನಾದ್ರೂ ಕೊಟ್ಟು ಸಾಯ್ಬಾರ್ದಾಗಿತ್ತೇನೇ!"

ಮೊದಲು ಜಗಳೂರಿನವರು ಅತ್ತರು, ನಾಚಿಕೆಗೋ ಏನೋ. ಆಮೇಲೆ ನ್ಯಾಮತಿ, ಹೊನ್ನಾಳಿ. ಸೊಸೆಯಂದಿರು ಸೆರಗು ಬಿಟ್ಟು ಬಾಯಿ ತೆರೆದರು. ಪಡಸಾಲೆಯೆಲ್ಲ ಒಂದೇ ಗೋಳು. ಇಷ್ಟು ಒಳ್ಳೆಯ ಅಳು ನಡೆಯುತ್ತಿರುವಾಗ ಅಳದೆ ಕೂರಲು ಹಾಲಮ್ಮನಿಂದ ಆದೀತೇ? ಮುಚ್ಚಿದ ಕಣ್ಣುಗಳಿಂದ ದಳದಳ ನೀರು ಇಳಿದು ವಿಭೂತಿಯಲ್ಲಿ ಕಾಲುವೆ ಮಾಡಿತು.

"ಹೆಣ ಅಳ್ತೈತೆ!" ಎಂದು ನಾಗಪ್ಪ ಚೀರಿದ. ಅರ್ಧ ಜನ ಕೈಮುಗಿದರು, ಇನ್ನರ್ಧ ಜನ ಚಪ್ಪಲಿ ಬಿಟ್ಟು ಓಡಿದರು. ಹೆಣ ಕಣ್ಣು ಬಿಟ್ಟು, ಮೂಗು ಒರೆಸಿಕೊಂಡು ಹೇಳಿದ್ದು ಒಂದೇ ಮಾತು: "ಆ ಕುಟ್ಟಾಣಿ ನಂದು."

ಮಕ್ಕಳು ಒಂದು ವಾರ ಇಬ್ಬರನ್ನೂ ಮಾತಾಡಿಸಲಿಲ್ಲ. ಸರಿಯೇ. ಆದರೆ ಮುಂದಿನ ತಿಂಗಳು ಜಗಳೂರಿನಿಂದ ಫೋನು ಬಂತು. ಯಾರೋ ಹಿರಿಯರು ಹೋಗಿದ್ದಾರೆ, ಹಾಲಮ್ಮನ ಜತೆ "ಆ ಬೈಯೋ ಅಜ್ಜಿನೂ ಕರ್ಕೊಂಬರ್ರಿ" ಎಂದರು. ಈಗ ಅವಳು ಅಳುತ್ತಾಳೆ, ನಾನು ಬೈಯುತ್ತೇನೆ. ಆಸ್ಪತ್ರೆಗೆ ಯಾಕೆ ತೋರಿಸಿಕೊಳ್ಳಲಿಲ್ಲ, ಹೆಂಡತಿಗೆ ಹೇಳದೆ ಯಾಕೆ ಹೋದೆ ಎಂದು ಸತ್ತವರನ್ನೇ ದಬಾಯಿಸುತ್ತೇನೆ. ಮನೆಯವರು ಕೇಳಲಾಗದೆ ನುಂಗಿಕೊಂಡದ್ದನ್ನು ನಾನು ಕೇಳಿದ್ದೇ ತಡ, ಕಟ್ಟೆ ಒಡೆದಂತೆ ಅಳುತ್ತಾರೆ. ಎಲ್ಲ ಕಡೆಯಿಂದ ನನ್ನನ್ನು ಓಡಿಸಿದ್ದು ಯಾವ ಬಾಯಿಯೋ, ಈಗ ಕರೆಸಿಕೊಳ್ಳುವುದೂ ಅದೇ ಬಾಯಿ. ಕಾವ್ಯಳಿಗೆ ಹೇಳಿದೆ, ಗಾಬರಿಯಾಗಬೇಡ, ನನಗೆ ಸಿಕ್ಕಿದ್ದು ಹಲ್ಲು ಉದುರಿದ ಮೇಲೆ.

ಒಂದು ವಿಚಾರ ಮಾತ್ರ ಬಗೆಹರಿದಿಲ್ಲ. ನಮ್ಮಿಬ್ಬರಲ್ಲಿ ಮೊದಲು ಯಾರು? ಉಳಿದವಳು ಎರಡೂ ಕೆಲಸ ಒಬ್ಬಳೇ ಮಾಡಬೇಕು. ನನಗಂತೂ ಅಳು ಬರುವುದಿಲ್ಲ, ಅವಳಿಗೆ ಬೈಯಲು ಬರುವುದಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಅವಳ ಮನೆಗೆ ಹೋಗಿ, ಬಿಪಿ ಮಾತ್ರೆ ಗಂಟಲಿಗಿಳಿಯುವ ತನಕ ಎದುರಿಗೆ ನಿಂತಿರುತ್ತೇನೆ. ನಾಳೆ ನುಂಗುತ್ತೇನೆ ಎಂದಳೋ, ಅವಳು ಸತ್ತ ದಿನ ಪಡಸಾಲೆಯಲ್ಲಿ ಬೈದದ್ದನ್ನೇ ಮತ್ತೆ ಮೊದಲಿನಿಂದ ಬೈಯುತ್ತೇನೆ. ಅದೇ ಮಾತು, ಅದೇ ದನಿ. ಅವಳು ಮಾತ್ರ ಅಳುವುದಿಲ್ಲ, ನಗುತ್ತಾಳೆ, ಮತ್ತು ಮಾತ್ರೆ ನೆತ್ತಿಗೆ ಹತ್ತಿ ಕೆಮ್ಮುತ್ತಾಳೆ.