ಹೊದಿಕೆಯ ಇನ್ನೊಂದು ತುದಿ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ನ್ಯೂ ಬೆಡ್‌ಫರ್ಡ್ ಬಂದರಿನ ಮೇಲೆ ಮಂಜು ಕೂತಿದೆ. ಆಸ್ಪತ್ರೆಗಳ ಬಟ್ಟೆ ಒಗೆಯುವ ಈ ಕಾರ್ಖಾನೆಯೊಳಗೆ ಮಾತ್ರ ಬೆವರು ಕಿತ್ತು ಬರುವ ಸೆಕೆ. ಅರ್ಲಿಂಡಾ ಬಾರೋಸ್ ಬಿಸಿ ಹೊದಿಕೆಯೊಂದರ ಎರಡು ಮೂಲೆಗಳನ್ನು ಕಂಬದ ಕೊಕ್ಕೆಗೆ ಸಿಕ್ಕಿಸಿ, ಹಿಂದಕ್ಕೆ ನಡೆದು, ಜಗ್ಗಿ, ಅರ್ಧಕ್ಕೆ ಮಡಿಸುತ್ತಾರೆ. ಚಾದರಗಳನ್ನು ಯಂತ್ರ ಮಡಿಸುತ್ತದೆ. ದಪ್ಪ ಹೊದಿಕೆ ಯಂತ್ರದ ಬಾಯಿಗೆ ಹೋಗುವುದಿಲ್ಲ. ಅದಕ್ಕೆ ಎದುರುಬದುರು ನಿಂತ ಇಬ್ಬರು ಬೇಕು. ಇವತ್ತು ಎದುರಿಗೆ ಯಾರೂ ಇಲ್ಲ.

"ಕೊಕ್ಕೆ ವಾಸಿ. ಹರಟೆ ಹೊಡಿಯಲ್ಲ, ತಡವಾಗಿ ಬರಲ್ಲ, ರಜಾನೂ ಕೇಳಲ್ಲ," ಎನ್ನುತ್ತಾರೆ. ಮುಖದಲ್ಲಿ ನಗು ಇದೆಯೋ ಇಲ್ಲವೋ, ಹಬೆಯಲ್ಲಿ ಕಾಣುವುದಿಲ್ಲ.

ಐವತ್ತೆಂಟರ ಅರ್ಲಿಂಡಾ ಸಾಗರದಾಚೆಯ ಕೇಪ್ ವರ್ಡಿನ ಬ್ರಾವಾ ದ್ವೀಪದಿಂದ ವಲಸೆ ಬಂದವರು. ಪಾಳಿಯೊಂದಕ್ಕೆ ಐನೂರು ಹೊದಿಕೆ ಅವರ ಕೈ ದಾಟುತ್ತವೆ. ಆಸ್ಪತ್ರೆಯಲ್ಲಿ ಮಲಗಿದವರಿಗೆ ಬೆಚ್ಚಗಿದ್ದರೆ ಸಾಕು, ಮಡಿಸಿದ್ದು ಯಾರೆಂದು ಯಾರೂ ಕೇಳುವುದಿಲ್ಲ. ಇಪ್ಪತ್ತೊಂದು ವರ್ಷ ಇದೇ ಕಂಬದ ಬಳಿ ಅವರೆದುರು ನಿಂತು ಇನ್ನೊಂದು ತುದಿ ಹಿಡಿದವಳು ಅವರ ತಂಗಿ ಜೀಟಾ. ಇಬ್ಬರಿಗೂ ಮದುವೆಯಿಲ್ಲ. ಒಂದೇ ಬಾಡಿಗೆ ಮನೆ, ಎರಡು ಸಂಬಳ, ಮುಗಿಯದ ಜಗಳ.

"ಅವಳು ಯಾವಾಗ್ಲೂ ಬಲಗಡೆಗೆ ಜಗ್ಗೋಳು. ಸೊಟ್ಟ ಮಾಡ್ತೀಯಲ್ಲೇ ಅಂದ್ರೆ, ನೀನೇ ಸೊಟ್ಟಗೆ ನಿಂತಿದೀಯಕ್ಕಾ ಅನ್ನೋಳು. ದಿನಾ ಇದೇ."

ಈ ಊರಿನ ಕೇಪ್ ವರ್ಡಿಯನ್ನರು ರಜೆಯನ್ನು ಕಂಡಕಂಡಲ್ಲಿ ಖರ್ಚು ಮಾಡುವವರಲ್ಲ. ಜ್ವರ ಬಂದರೂ ಕೆಲಸಕ್ಕೆ ಬರುತ್ತಾರೆ, ಕಂಪನಿ ಕೊಡುವ ಸಂಬಳದ ರಜೆಯನ್ನು ಕೂಡಿಡುತ್ತಾರೆ. ಕೂಡಿಟ್ಟದ್ದೆಲ್ಲ ಜೂನ್ ತಿಂಗಳ ಸಾವ್ ಜೊವಾವ್ ಹಬ್ಬಕ್ಕೆ ದ್ವೀಪಕ್ಕೆ ಹೋಗಿಬರಲು. ಅರ್ಲಿಂಡಾ ಕೂಡಿಟ್ಟದ್ದು ಐದು ವಾರ. ಅಕ್ಕತಂಗಿಯರು ಪೆಟ್ಟಿಗೆಗಳನ್ನೂ ಕೊಂಡಿದ್ದರು.

ಹಬ್ಬದ ಬದಲು ಜೀಟಾಳ ಹೊಟ್ಟೆಯಲ್ಲಿ ಗೆಡ್ಡೆ ಬಂತು. ಅವಳ ಪಾಲಿನ ಕಾಯಿಲೆ ರಜೆಯೂ ಹಣವೂ ತೀರಿದ ಹೊತ್ತಿಗೆ ವೈದ್ಯರು ಇನ್ನು ಎರಡು ತಿಂಗಳು, ಹೆಚ್ಚೆಂದರೆ ಮೂರು ಎಂದರು. ಜೀಟಾ ಅತ್ತಳೋ ಇಲ್ಲವೋ ಅರ್ಲಿಂಡಾ ಹೇಳುವುದಿಲ್ಲ. ಅವಳು ಕೇಳಿದ್ದನ್ನು ಮಾತ್ರ ಹೇಳುತ್ತಾರೆ. "ನಾನು ಹೋಗೋವಾಗ ಆ ಕಡೆ ತುದಿ ನೀನೇ ಹಿಡ್ಕೊಂಡಿರ್ಬೇಕು ಅಕ್ಕಾ, ಬೇರೆ ಯಾರೂ ಬೇಡ ಅಂದ್ಲು. ಹೂಂ ಅಂದೆ."

ಕೊಟ್ಟ ಮಾತಿನೊಂದಿಗೆ ಅವರು ಕಾರ್ಖಾನೆಯ ಕಚೇರಿಗೆ ಹೋದರು. ರಜೆಯ ಉಸ್ತುವಾರಿ ಕಾಲೀನ್ ಎಂಬಾಕೆಯದು. ಕೆಟ್ಟವಳೇನಲ್ಲ, ಹುಟ್ಟುಹಬ್ಬಕ್ಕೆ ಎಲ್ಲರಿಗೂ ಕೇಕು ತರಿಸುವವಳು. ಕಂಪ್ಯೂಟರ್ ತೆರೆಯ ಮೇಲಿನ ಕಣ್ಣು ತೆಗೆಯದೆ ಕೇಳಿದಳು: "ನಿಮ್ಮ ಸ್ವಂತ ರಜೆ ಇದೆ, ರಾಜ್ಯ ಸರ್ಕಾರದ ಕುಟುಂಬ ರಜೆನೂ ಇದೆ. ಮೊದಲು ಯಾವುದು ತಗೋತೀರಿ?"

ಅರ್ಲಿಂಡಾ ತಡವರಿಸಲಿಲ್ಲ. "ಮನೇಲಿ ಮೆಕ್ಕೆಜೋಳದ ಕಚೂಪ ಬೇಯ್ತಾ ಇರೋವಾಗ ಪಕ್ಕದ ಮನೆ ಬಾಗಿಲು ತಟ್ಟಿ ಊಟ ಕೇಳ್ತಾರಾ? ಅಮ್ಮ ನಮ್ಮನ್ನ ಹಂಗೆ ಬೆಳೆಸಿಲ್ಲ. ಮೊದಲು ನಂದು ಮುಗೀಲಿ ಅಂದೆ. ದೊಡ್ಡ ಸ್ವಾಭಿಮಾನಿ ನಾನು!"

ಆ ಸರ್ಕಾರದ ಹಣಕ್ಕೆ ಪ್ರತಿ ಸಂಬಳದಲ್ಲೂ ಅವರ ಪಾಲು ಮುರಿದುಕೊಂಡಿದ್ದರು. ಅದು ಪಕ್ಕದ ಮನೆಯ ಅಡುಗೆಯಲ್ಲ, ಅವರದೇ ಅಕ್ಕಿಬೇಳೆ. ಅದನ್ನು ಅವರಿಗೆ ಯಾರೂ ಹೇಳಲಿಲ್ಲ. ಐದು ವಾರ ಪೂರ್ತಿ ಸಂಬಳದಲ್ಲಿ ತಂಗಿಯ ಪಕ್ಕ ಕೂತರು. ಆಮೇಲೆ ಸರ್ಕಾರದ ರಜೆ ಶುರುವಾಯಿತು. ಅದರ ಮೊದಲ ವಾರಕ್ಕೆ ಕಾಸಿಲ್ಲ. ನಂತರ ಸಂಬಳದ ಐದರಲ್ಲಿ ನಾಲ್ಕು ಪಾಲು. ಕೊರತೆ ತುಂಬಲು ಸ್ವಂತ ರಜೆ ಒಂದು ದಿನವೂ ಉಳಿದಿರಲಿಲ್ಲ. ಜೀಟಾಳ ಸಂಬಳ ನಿಂತ ಮನೆಯಲ್ಲಿ ಬಾಡಿಗೆ, ಔಷಧಿ, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಎಣ್ಣೆ ಎಲ್ಲ ಆ ನಾಲ್ಕು ಪಾಲಿನ ಮೇಲೆ ಬಿತ್ತು. ಒಂಬತ್ತನೇ ವಾರ ಮುಗಿಯುತ್ತಲೇ, ಸರ್ಕಾರದ ರಜೆ ಇನ್ನೂ ಬೇಕಾದಷ್ಟಿರುವಾಗ, ಅರ್ಲಿಂಡಾ ಕೆಲಸಕ್ಕೆ ಮರಳಿದರು. ಮಹಡಿ ಮೇಲಿನ ಮನೆಯ ಮುದುಕಿಯೊಬ್ಬರು ಜೀಟಾಳ ಬಳಿ ಕೂರಲು ಒಪ್ಪಿದರು.

ಹನ್ನೊಂದನೇ ವಾರದ ಗುರುವಾರ ಜೀಟಾ ಹೋದಳು. ಅರ್ಲಿಂಡಾ ಆಗ ಈ ಕಂಬದ ಬಳಿ ಹೊದಿಕೆ ಮಡಿಸುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಕೆಂಬುದು ಇಲ್ಲಿಯ ಕಟ್ಟಳೆ. ಊಟದ ಬಿಡುವಿನಲ್ಲಿ ತೆಗೆದರೆ ಮುದುಕಿಯ ಏಳು ಕರೆಗಳು.

"ನನ್ನ ಹೆಸರು ಹಿಡಿದು ಕರೆದ್ಲಂತೆ," ಎನ್ನುತ್ತಾರೆ ಅರ್ಲಿಂಡಾ.

ಕಂಪನಿ ಧಾರಾಳವಾಗಿಯೇ ನಡೆದುಕೊಂಡಿತು. ಸಾವಿಗೆಂದು ಮೂರು ದಿನ ರಜೆ, ಪೂರ್ತಿ ಸಂಬಳ, ಒಂದು ಬುಟ್ಟಿ ಹಣ್ಣು. ಉಸಿರಿದ್ದ ತಂಗಿಗೆ ಕೊನೆತನಕ ಸಿಗದ ಪೂರ್ತಿ ಸಂಬಳ ಉಸಿರು ನಿಂತ ತಂಗಿಗೆ ಸಿಕ್ಕಿತು. ಹಣ್ಣನ್ನು ಯಾರು ತಿಂದರೋ ಅರ್ಲಿಂಡಾರಿಗೆ ನೆನಪಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಮಣ್ಣಾದ ಮೇಲೆ ಮನೆಗೆ ಬಂದವರಿಗೆ ಅರ್ಲಿಂಡಾ ಕಚೂಪ ಬಡಿಸುತ್ತಿದ್ದರು. ವೃದ್ಧಾಶ್ರಮದ ಅಡುಗೆಮನೆಯಲ್ಲಿ ದುಡಿಯುವ ಗೆಳತಿ ಡುಲ್ಸೆ ತಟ್ಟೆ ಒಡ್ಡುತ್ತ ಕೇಳಿದಳು: "ಅಲ್ಲ ಕಣೇ, ಎರಡೂ ರಜಾ ಒಟ್ಟಿಗೆ ತಗೊಳ್ಳಲಿಲ್ವಾ? ಸರ್ಕಾರದ್ದು ತಗೊಂಡು, ವಾರಕ್ಕೊಂದು ದಿನ ನಿನ್ನ ರಜಾ ಸೇರಿಸಿದ್ರೆ ಪೂರ್ತಿ ಸಂಬಳ ಬರ್ತಿತ್ತಲ್ಲೇ. ನಮ್ಮೆಜಮಾನ್ರು ಬಿದ್ದಾಗ ನಾನು ಹಂಗೇ ಮಾಡಿದ್ದು."

ಕಾಸಿಲ್ಲದ ಮೊದಲ ವಾರವನ್ನೂ ಸ್ವಂತ ರಜೆಯಿಂದ ತುಂಬಿಕೊಳ್ಳಬಹುದಿತ್ತು. ಹನ್ನೆರಡು ವಾರ ನಿಶ್ಚಿಂತೆಯಿಂದ ಕೂರಬಹುದಿತ್ತು, ಕೂಡಿಟ್ಟ ರಜೆಯಲ್ಲಿ ಇನ್ನೂ ಉಳಿಯುತ್ತಿತ್ತು. ಜೀಟಾ ಕಾದದ್ದು ಹನ್ನೊಂದನೇ ವಾರದವರೆಗೆ. ಅರ್ಲಿಂಡಾರ ಕೈಯ ಸೌಟು ಅಲ್ಲೇ ನಿಂತಿತು.

ಕೆಲಸಕ್ಕೆ ಮರಳಿದ ದಿನವೇ ಕಾಲೀನ್ ಎದುರು ನಿಂತು ಕೇಳಿದರು. "ಹೌದು, ಮಾಡಬಹುದಿತ್ತು," ಎಂದಳು ಆಕೆ, ಪಾಪ, ನಿಜವಾಗಿಯೂ ಮುಖ ಸಣ್ಣ ಮಾಡಿಕೊಂಡು. "ಆದ್ರೆ ನೀವು ಕೇಳಲಿಲ್ಲ."

"ಕೇಳಲಿಲ್ಲ ಅಂತೆ!" ಹೊದಿಕೆಯನ್ನು ಕೊಕ್ಕೆಯಿಂದ ಕಿತ್ತು ಅರ್ಲಿಂಡಾ ಹೇಳುತ್ತಾರೆ. "ಗೊತ್ತಿಲ್ಲದ್ದನ್ನ ಹೆಂಗೆ ಕೇಳ್ತಾರೆ? ಕೇಳಿದ್ದು ಅವಳು. ಮೊದಲು ಯಾವುದು ಅಂತ ಕೇಳಿದ್ಲು. ಮೊದಲು ಅಂದ್ರೆ ಒಂದಾದ್ಮೇಲೆ ಒಂದು ಅಂತಲ್ವಾ? ಅದರ ಮೇಲೆ ನನ್ನ ಪೊಗರು ಬೇರೆ. ಅವಳನ್ನ ಬಯ್ಯೋದಾ, ನನ್ನ ಬಯ್ಕೊಳ್ಳೋದಾ? ಇಬ್ಬರನ್ನೂ ಬಯ್ತೀನಿ, ದಿನಾ."

ಜೀಟಾಳ ಜಾಗಕ್ಕೆ ಬಂದವಳು ಫೆರ್ನಾಂಡಾ. ಅವಳ ಕೈ ಎಡಕ್ಕೆ ಜಗ್ಗುತ್ತದೆ, ಬಯ್ದರೆ ಬಾಯಿ ಮುಚ್ಚಿಕೊಳ್ಳುತ್ತಾಳೆ. ಅರ್ಲಿಂಡಾರಿಗೆ ಅದೇ ಬೇಸರ. ಕಳೆದ ತಿಂಗಳು ಆಸ್ಪತ್ರೆಯಲ್ಲಿ ಅವಳ ಗಂಡನ ಎದೆ ಕೊಯ್ದರು. ಅವಳೂ ಕೂಡಿಟ್ಟ ರಜೆಯನ್ನೆಲ್ಲ ಮೊದಲು ಮುಗಿಸುತ್ತೇನೆಂದು ಹೊರಟಿದ್ದಳು. ಅರ್ಲಿಂಡಾ ತೋಳು ಹಿಡಿದು ಕಚೇರಿಗೆ ಎಳೆದೊಯ್ದರು. ಕಾಲೀನ್ ಅದೇ ಪ್ರಶ್ನೆ ಕೇಳಿದಳು. ಅಷ್ಟೆಲ್ಲ ಆದ ಮೇಲೂ ಅದೇ ಪ್ರಶ್ನೆ.

"ಎರಡೂ ಒಟ್ಟಿಗೆ," ಎಂದಳು ಫೆರ್ನಾಂಡಾ.

"ಓ, ನಿಮಗೆ ಗೊತ್ತಲ್ಲ, ಒಳ್ಳೇದಾಯ್ತು."

"ಗೊತ್ತಾಗೋಕೆ ನಮ್ಮ ಜೀಟಾ ನಾನಿಲ್ದೆ ಸಾಯಬೇಕಾಯ್ತು," ಎಂದರು ಬಾಗಿಲಲ್ಲಿ ನಿಂತಿದ್ದ ಅರ್ಲಿಂಡಾ. ಕಾಲೀನ್ ತೆರೆಯತ್ತ ತಿರುಗಿದಳು.

ಫೆರ್ನಾಂಡಾ ಈಗ ಗಂಡನ ಬಳಿ ಮನೆಯಲ್ಲಿದ್ದಾಳೆ, ಅದಕ್ಕೇ ಇವತ್ತು ಎದುರಿಗೆ ಕೊಕ್ಕೆ. ಏನು ಆಸೆ ಎಂದು ಕೇಳಿದರೆ ಅರ್ಲಿಂಡಾ ದ್ವೀಪದ ಹೆಸರೆತ್ತುವುದಿಲ್ಲ. ಪೆಟ್ಟಿಗೆಗಳನ್ನು ಆಗಲೇ ಯಾರಿಗೋ ಕೊಟ್ಟಾಗಿದೆ. "ಆ ಕಚೇರಿ ಹುಡುಗಿ ತನ್ನ ಪ್ರಶ್ನೇಲಿ ಮೊದಲು ಅನ್ನೋದನ್ನ ಬಿಟ್ಟುಬಿಡ್ಲಿ. ಅಷ್ಟು ಸಾಕು," ಎನ್ನುತ್ತಾರೆ.

ಕಿಟಕಿಯಾಚೆ ಮಂಜು ಕರಗಿ ದೋಣಿಗಳ ಕಂಬಗಳು ಕಾಣುತ್ತಿವೆ. ಅವರು ಇನ್ನೊಂದು ಹೊದಿಕೆಯ ಮೂಲೆಗಳನ್ನು ಸಿಕ್ಕಿಸುತ್ತಾರೆ.

"ಫೆರ್ನಾಂಡಾ ಸಂಜೆ ಫೋನ್ ಮಾಡ್ತಾಳೆ. ಗಂಡ ಗೊಣಗ್ತಾನೆ, ಸೂಪು ಚೆಲ್ತಾನೆ, ಮನೇಲಿ ಕೂತು ತಲೆ ಕೆಡ್ತಿದೆ, ನಾಳೆನೇ ಬಂದ್ಬಿಡ್ಲಾ ಅಂತಾಳೆ. ಬಂದ್ರೆ ಕಾಲು ಮುರೀತೀನಿ ಅಂತೀನಿ. ಈ ಕಡೆ ತುದಿನ ಕೊಕ್ಕೆ ಹಿಡ್ಕೊಳ್ಳತ್ತೆ ಕಣೇ, ಆ ಕಡೇದು ನೀನು ಬಿಡಬೇಡ."